ಹಳ್ಳದ ಹುಲ್ಲು

ಆ ಊರಿನ ಹೆಸರು ನಾನು ಹೇಳುವುದಿಲ್ಲ. ತಡವಳದಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ಸಿಗುವ ಹಳ್ಳಿ ಎಂದು ತಿಳಿದರೆ ಸಾಕು. ಅಂದು ಅಲ್ಲಿ ಗುಂಪು ಕಟ್ಟಿ ನಿಂತವರ ಮೊಮ್ಮಕ್ಕಳು ಈಗ ಮಾಸ್ತರರಾಗಿದ್ದಾರೆ, ಕಾರಕೂನರಾಗಿದ್ದಾರೆ. ಅಜ್ಜಂದಿರು ಮಾಡಿದ್ದಕ್ಕೆ ಅವರು ತಲೆ ತಗ್ಗಿಸುವುದು ಬೇಡ. ನನ್ನ ಹೆಸರನ್ನು ಮಾತ್ರ ಮುಚ್ಚಿಡುವುದಿಲ್ಲ. ನಾನು ಅಮೃತಪ್ಪ. ಸೊಲ್ಲಾಪುರದ ಕಾಳಿನ ವ್ಯಾಪಾರಿಗಳ ಮನೆಯಲ್ಲಿ ಹುಟ್ಟಿ, ಗಾದಿಯ ಮೇಲೆ ಕೂತು ಗಿರಾಕಿಗಳಿಗೆ ಹಲ್ಲು ಕಿರಿಯಲಾರದೆ, ಅಕ್ಕಲಕೋಟದ ಕಡೆ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿ ಸೇರಿದವನು. ಡಾಕ್ಟರ್ ಅಲ್ಲ. ಆದರೆ ಹಳ್ಳಿಯವರು ‘ಡಾಕ್ಟರ್‌ಸಾಹೇಬ’ ಎಂದರೆ ತಿದ್ದುತ್ತಲೂ ಇರಲಿಲ್ಲ. ನನ್ನ ಬಾಯಿ ನನ್ನ ಬುದ್ಧಿಗಿಂತ ನಾಲ್ಕು ಮಾರು ಮುಂದೆ ಓಡುತ್ತದೆ ಎಂದು ನಮ್ಮವ್ವ ಗಿರಿಜಾಬಾಯಿ ಆಗಾಗ ಬಯ್ಯುತ್ತಿದ್ದಳು. ಅವಳ ಮಾತು ಎಷ್ಟು ನಿಜವೆಂದು ನನಗೆ ತಿಳಿದದ್ದು ಆ ದಿನ.

ಐವತ್ತೇಳನೆಯ ಇಸವಿಯ ಮೇ ತಿಂಗಳು. ಡಾಕ್ಟರರು ಮಗಳ ಮದುವೆಗೆಂದು ರಜೆ ಹಾಕಿ ಪುಣೆಗೆ ಹೋಗಿದ್ದರು. ಬೆಳಿಗ್ಗೆ ದವಾಖಾನೆಯ ಬಾಗಿಲು ತೆರೆಯುವಷ್ಟರಲ್ಲಿ ಒಬ್ಬ ಸೈಕಲ್ ತುಳಿದುಕೊಂಡು ಬಂದು, ಕಲ್ಯಾಣಪ್ಪಗೌಡರ ನಾಲ್ಕು ಎತ್ತು ಒಂದೇ ಸಲಕ್ಕೆ ಸತ್ತಿವೆ ಎಂದ. ಯಾರೋ ವಿಷ ಹಾಕಿದ್ದಾರೆ, ಹಾಕಿದವನನ್ನು ಹಿಡಿದು ಚಾವಡಿಯಲ್ಲಿ ಕಟ್ಟಿದ್ದಾರೆ, ಪೊಲೀಸ್ ಫೌಜದಾರರಿಗೆ ಹೇಳಿ ಕಳಿಸಿದ್ದಾರೆ, ಅವರು ಬರುವಷ್ಟರಲ್ಲಿ ಸರಕಾರಿ ಮನುಷ್ಯ ಒಬ್ಬ ‘ಇದು ವಿಷ’ ಎಂದು ಬರೆದುಕೊಡಬೇಕು. ಇಷ್ಟು ಅವನ ಸಮಾಚಾರ. ನಾನು ಚೀಲದಲ್ಲಿ ಸೂಜಿ, ಚಾಕು, ನಾಲ್ಕಾರು ಮದ್ದಿನ ಶೀಶೆ ಹಾಕಿಕೊಂಡು ಬಸ್ಸು ಹತ್ತಿದೆ.

ಎತ್ತುಗಳು ಊರ ಹೊರಗೆ ಹಳ್ಳದ ದಂಡೆಯ ಮೇಲೆ ಬಿದ್ದಿದ್ದವು. ಬಿಳಿಯ ಮೈಯ, ಕೊಂಬಿಗೆ ಹಿತ್ತಾಳೆಯ ಅಣಸು ಹಾಕಿದ ಎರಡು ಜೋಡಿ. ಹಿಂದಿನ ದಿನ ಹೋಟಗಿ ಸ್ಟೇಶನ್ನಿಗೆ ಸೇಂಗಾ ಚೀಲ ಮುಟ್ಟಿಸಿ ಮರಳಿದ ಎರಡು ಗಾಡಿಗಳ ಎತ್ತು. ಬೆಳಗಿನ ಜಾವ ಗಾಡಿಯವರಿಬ್ಬರು ಹಳ್ಳದಲ್ಲಿ ಎತ್ತುಗಳ ಕೊಳ್ಳು ಹರಿದು, ನೊಗದಿಂದ ಬಿಡಿಸಿ, ನೀರು ಕುಡಿಸಿ, ಮೇಯಲು ಬಿಟ್ಟರಂತೆ. ಅರ್ಧ ತಾಸಿನಲ್ಲಿ ಒಂದರ ಹಿಂದೆ ಒಂದು ಏದುಸಿರು ಬಿಟ್ಟು, ನೊರೆ ಕಾರಿ, ಕಾಲು ಝಾಡಿಸಿ ಸತ್ತವಂತೆ.

ಕಲ್ಯಾಣಪ್ಪಗೌಡರು ಹಿರಿಯ ಎತ್ತಿನ ತಲೆಯ ಹತ್ತಿರ ಕೂತಿದ್ದರು. ಐವತ್ತು ದಾಟಿದ ಮನುಷ್ಯ, ದೊಡ್ಡ ಒಕ್ಕಲುತನ. ಅವರ ರುಮಾಲು ನೆಲದ ಮೇಲೆ ಬಿದ್ದಿತ್ತು, ಎತ್ತಿಕೊಳ್ಳುವ ಎಚ್ಚರವೂ ಅವರಿಗಿರಲಿಲ್ಲ.

“ಇವನ್ನ ಮೂರು ತಿಂಗಳ ಕರ ಇದ್ದಾಗಿಂದ ನಾನ ಜ್ವಾಕಿ ಮಾಡೀನ್ರಿ ಸಾಹೇಬ್ರ,” ಎಂದರು. “ವಿಷ ಹಾಕಾಕ ಅವನ ಕೈ ಹ್ಯಾಂಗ ಬಂತೋ.”

ಯಾರು ಹಾಕಿದ್ದು ಎಂದು ಕೇಳಿದೆ. ಸುತ್ತ ನಿಂತವರೆಲ್ಲ ಒಮ್ಮೆಲೇ ಹೇಳಿದರು. ಹೆಸರು ಹುಲೆಪ್ಪ. ಊರ ಕೆಳಗಿನ ಕೇರಿಯವನು. ಆ ಕೇರಿಯವರು ಹಿಂದಿನ ವರ್ಷ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು. ಅಂದಿನಿಂದ ಸತ್ತ ದನ ಎಳೆಯುವುದಿಲ್ಲ, ಚರ್ಮ ಸುಲಿಯುವುದಿಲ್ಲ ಎಂದು ನಿಂತಿದ್ದರು. ಎಂಟು ದಿನದ ಹಿಂದೆ ಗೌಡರ ಮುದಿ ಎಮ್ಮೆ ಸತ್ತಾಗ ಹುಲೆಪ್ಪ ಅವರ ಮುಖಕ್ಕೇ, “ನಿಮ್ಮ ದನ ನೀವ ಎಳೀರಿ,” ಎಂದಿದ್ದ. ಇವತ್ತು ಬೆಳಿಗ್ಗೆ ಅವನನ್ನು ಹಳ್ಳದ ದಂಡೆಯಲ್ಲಿ ಕಂಡವರಿದ್ದಾರೆ. ಇನ್ನೇನು ಬೇಕು? ಹಿಂದಿನಿಂದಲೂ ಚರ್ಮದ ಆಸೆಗೆ ಅವರು ದನಕ್ಕೆ ವಿಷವಿಕ್ಕುತ್ತಾರೆ ಎಂದು ಒಬ್ಬ ಮುದುಕ ಸೇರಿಸಿದ. ಚರ್ಮವೇ ಬೇಡವೆಂದವನು ಚರ್ಮಕ್ಕಾಗಿ ವಿಷ ಹಾಕಿದ ಎಂದರೆ ಯಾರಾದರೂ ನಗಬೇಕಿತ್ತು. ಯಾರೂ ನಗಲಿಲ್ಲ.

ನಾನು ಒಂದು ಎತ್ತಿನ ಕುತ್ತಿಗೆಯ ನರ ಕೊಯ್ದು ನೋಡಿದೆ. ರಕ್ತ ಕುಂಕುಮದಷ್ಟು ಕೆಂಪಗಿತ್ತು. ಸತ್ತ ದನದ ರಕ್ತ ಹಾಗಿರುವುದಿಲ್ಲ. ಬಾಯಿ ಬಿಡಿಸಿದೆ. ದವಡೆಯ ಸಂದಿಯಲ್ಲಿ ಎಳೆಯ ಹಸಿರು ಎಲೆ, ನಡುವೆ ಬಿಳಿಯ ನರ. ಅಂಥ ರಕ್ತ, ಅಂಥ ಎಲೆ ಎರಡನ್ನೂ ಡಾಕ್ಟರರು ನನಗೆ ಎರಡು ವರ್ಷದ ಹಿಂದೆ ತೋರಿಸಿದ್ದರು. ಜೋಳ ಕೊಯ್ದ ಮೇಲೆ ಕೂಳೆ ಚಿಗುರುತ್ತದಲ್ಲ, ಆ ಎಳೆಸುಳಿಯಲ್ಲಿ ವಿಷವಿರುತ್ತದೆ. ನಮ್ಮ ಸೀಮೆಯ ಒಕ್ಕಲಿಗರಿಗೆಲ್ಲ ಗೊತ್ತಿದ್ದದ್ದೇ.

ನನಗೆ ಎಷ್ಟು ಹಿಗ್ಗಾಯಿತು ಎಂದರೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಒಂದೇ ಮಾತಿನಲ್ಲಿ ಒಬ್ಬನ ಜೀವ ಉಳಿಸುತ್ತೇನೆ ಎಂದುಕೊಂಡೆ. ಎಲೆಯನ್ನು ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿ ಹಿಡಿದೆ.

“ಯಾರೂ ವಿಷ ಹಾಕಿಲ್ಲ. ಇದು ಜೋಳ. ಜೋಳದ ಎಳಿ ಸುಳಿ ತಿಂದು ಸತ್ತಾವ. ಹುಲೆಪ್ಪನ್ನ ಬಿಚ್ಚರಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಗೌಡರು ನಿಧಾನವಾಗಿ ಎದ್ದು ನಿಂತು ಕೇಳಿದರು. “ಬ್ಯಾಸಗ್ಯಾಗ ಜ್ವಾಳ ಎಲ್ಲಿಂದ ಬಂತ್ರಿ?”

ಸುಗ್ಗಿ ಮುಗಿದು ಮೂರು ತಿಂಗಳಾಗಿತ್ತು. ಸುತ್ತಲ ಎರೆಹೊಲಗಳೆಲ್ಲ ಬಿರುಕು ಬಿಟ್ಟು ಒಣಗಿದ್ದವು. ಹದಿನೈದು ದಿನದ ಹಿಂದೆ ಒಂದು ಅಡ್ಡಮಳೆ ಬಂದದ್ದು ಬಿಟ್ಟರೆ ಆಕಾಶದಿಂದ ಹನಿ ಬಿದ್ದಿರಲಿಲ್ಲ. ಆಗ ಗಾಡಿಯವರಲ್ಲಿ ಒಬ್ಬ ಕೈ ಚಾಚಿ ತೋರಿಸಿದ.

“ಅಲ್ಲಿ ನೋಡ್ರಿ. ಹುಲೆಪ್ಪನ ವತನದಾಗ ಹಸರ ಕಾಣಾಕತ್ತದ.”

ಹಳ್ಳದ ತಿರುವಿನ ತಗ್ಗಿನಲ್ಲಿ ಒಂದು ಪಟ್ಟಿ ನೆಲ. ಮಳೆಗಾಲದಲ್ಲಿ ನೀರು ನಿಂತು, ಬಿತ್ತಿದ್ದು ಕೊಳೆಯುವ, ಊರಲ್ಲಿ ಯಾರಿಗೂ ಬೇಡವಾದ್ದರಿಂದ ಊರ ಚಾಕರಿಗೆಂದು ಆ ಕೇರಿಗೆ ದಕ್ಕಿದ ವತನದ ಹೊಲ. ಅಲ್ಲಿ ಮಾತ್ರ ಮೊಣಕಾಲೆತ್ತರ ಹಸಿರು ಇತ್ತು. ಓಡಿ ಹೋಗಿ ನೋಡಿದೆವು. ಅಗಲವಾದ ಎಲೆ, ನಡುವೆ ಬಿಳಿ ನರ, ಥೇಟ್ ಜೋಳ. ಎತ್ತು ಮೇಯ್ದ ಗುರುತೂ ಅಲ್ಲೇ ಇತ್ತು.

“ನೋಡಿದ್ರಿ? ಜ್ವಾಳ ಬಿತ್ಯಾನ,” ಎಂದು ಆ ಮುದುಕ ಕೂಗಿದ. ಹಣಮಂತಪ್ಪ ಎಂದು ಅವನ ಹೆಸರು, ಗೌಡರ ದೂರದ ಸಂಬಂಧಿ. “ಎತ್ತು ಇಲ್ಲಿ ನೀರಿಗಿ ಬರ್ತಾವ ಅಂತ ಗೊತ್ತಿದ್ದ ಬಿತ್ಯಾನ. ಡಾಕ್ಟರ್‌ಸಾಹೇಬ್ರ ಹೇಳ್ಯಾರಲ್ಲ, ಜ್ವಾಳ ಅಂತ. ಸರಕಾರದ ಮಾತು ಅದ.”

ನನ್ನ ಮಾತಿನಿಂದಲೇ ಹಗ್ಗ ಹೊಸೆದು ನನ್ನ ಕಣ್ಣೆದುರೇ ಹುಲೆಪ್ಪನ ಕೊರಳಿಗೆ ಹಾಕಿದರು. ಮೊದಲು ಬರೀ ಅನುಮಾನವಿತ್ತು, ಈಗ ಪುರಾವೆ ಸಿಕ್ಕಿತು. ಇಬ್ಬರು ತರುಣರು, ಫೌಜದಾರ ಬರುವುದರೊಳಗೆ ಒಂದು ಕೈ ನೋಡಿಕೊಳ್ಳೋಣ ಎಂದು ಬಡಿಗೆ ಹಿಡಿದು ಚಾವಡಿಯ ಕಡೆ ತಿರುಗಿದರು.

ಆಗ ಒಬ್ಬ ಹೆಂಗಸು ಅವರಿಗೆ ಅಡ್ಡ ಬಂದಳು. ಅರವತ್ತರ ಆಸುಪಾಸು, ಒಣಗಿದ ಮೈ, ಸೊಂಟಕ್ಕೆ ಕುರ್ಪಿ ಸಿಕ್ಕಿಸಿದ್ದಳು. ಹುಲೆಪ್ಪನ ತಾಯಿ ಭಾಗಾಬಾಯಿ. ಇಪ್ಪತ್ತು ವರ್ಷ ಅದೇ ಹಳ್ಳದಲ್ಲಿ ಹುಲ್ಲು ಕೊಯ್ದು ತಡವಳದ ಸಂತೆಯಲ್ಲಿ ಮಾರಿದವಳು. ಅವಳು ತರುಣರನ್ನು ನೋಡಲಿಲ್ಲ, ಗೌಡರನ್ನೂ ನೋಡಲಿಲ್ಲ, ನನ್ನನ್ನೇ ನೋಡಿದಳು.

“ಇದು ಜ್ವಾಳ ಅಂದವ್ರು ನೀವೇನ್ರಿ?”

“ಹೌದು,” ಎಂದೆ.

“ಬೇರ ನೋಡಿದ್ರ್ಯಾ?”

ನಾನು ನೋಡಿರಲಿಲ್ಲ. ಅವಳು ಹಸಿರಿನ ನಡುವೆ ಕುಕ್ಕರಗಾಲಲ್ಲಿ ಕೂತು ಕುರ್ಪಿಯಿಂದ ನೆಲ ಅಗೆಯತೊಡಗಿದಳು. ಮೇಲೆ ಒಣಗಿ ಹೆಪ್ಪುಗಟ್ಟಿದ ಮಣ್ಣು, ಗೇಣುದ್ದ ಕೆಳಗೆ ಇನ್ನೂ ತೇವ. ಜೋಳದ ಗಿಡ ಕಿತ್ತರೆ ಗುಂಜಿನಂಥ ಬೇರು ಬರುತ್ತದೆ, ಮಣ್ಣು ಝಾಡಿಸಿದರೆ ಮುಗಿಯಿತು. ಇಲ್ಲಿ ಬಂದದ್ದು ಬೇರೆ. ಬೆರಳುಗಾತ್ರದ ಬಿಳಿಯ ದಂಟು ನೆಲದೊಳಗೆ ಅಡ್ಡಡ್ಡ ಹರಿದಿತ್ತು. ಕಬ್ಬಿನ ಹಾಗೆ ಗೆಣ್ಣು, ಗೆಣ್ಣುಗೆಣ್ಣಿಗೆ ಮೊಳಕೆ. ಎಳೆದಷ್ಟೂ ಬಂತು. ಒಂದು ಮೊಳ, ಎರಡು ಮೊಳ. ಒಂದರಿಂದ ಇನ್ನೊಂದು ಕವಲು, ಕವಲಿನ ಕೆಳಗೆ ಕಪ್ಪಾಗಿ ಕೊಳೆತ ಹಳೆಯ ದಂಟುಗಳ ಜಾಲ. ಅವಳು ಅಷ್ಟನ್ನೂ ಎತ್ತಿ ಗೌಡರ ಕಾಲ ಮುಂದೆ ಇಟ್ಟಳು.

“ಇದನ್ನ ಯಾರೂ ಬಿತ್ತಿಲ್ಲರಿ ಗೌಡ್ರ. ಇದು ಹಳ್ಳದ ಹುಲ್ಲು. ನಮ್ಮತ್ತಿ ಕೊಯ್ದಾಳ, ನಾ ಕೊಯ್ದೀನಿ. ಕೊಯ್ದಂಗ ಬರ್ತದ, ಸಾಯೂದ ಇಲ್ಲ. ಹೋದ ತಿಂಗಳ ಮನೀ ಮ್ಯಾಲ ಹೊಚ್ಚಾಕ ನನ್ನ ಮಗ ಎಲ್ಲಾ ಕೊಯ್ದ. ಅಡ್ಡಮಳಿಗಿ ತಿರುಗಿ ಚಿಗತದ. ಜ್ವಾಳಕ್ಕ ಇಂಥಾ ಬೇರ ಇರ್ತದೇನು? ಒಕ್ಕಲಿಗ್ರು ಅದೀರಿ, ನೀವ ಹೇಳ್ರಿ.”

ಗೌಡರು ಬಗ್ಗಿ ಆ ಬೇರನ್ನು ಕೈಯಲ್ಲಿ ಹಿಡಿದು ಮುರಿದು ನೋಡಿದರು. ದುಃಖದಲ್ಲಿದ್ದರೂ ಸುಳ್ಳು ಹೇಳುವ ಜಾತಿಯ ಮನುಷ್ಯ ಅಲ್ಲ.

“ಇಲ್ಲ. ಇದು ಜ್ವಾಳ ಅಲ್ಲ,” ಎಂದರು.

ನನಗೆ ಮೈಯೆಲ್ಲ ಹಗುರಾಯಿತು. ಅದು ಅರೆಗಳಿಗೆಯ ಹಗುರ.

“ಹಂಗಾರ,” ಎಂದ ಹಣಮಂತಪ್ಪ, “ಎತ್ತು ಯಾತರಿಂದ ಸತ್ತವು? ಹಳ್ಳದ ಹುಲ್ಲು ನಮ್ಮ ದನ ಮಳಿಗಾಲದಾಗ ದಿನಾ ತಿಂತಾವ. ಈ ಭಾಗಾಬಾಯಿನ ತಂದು ಮಾರತಾಳ. ಒಂದ ದನ ಸತ್ತದ್ದು ಕಂಡೀರೇನು? ಹುಲ್ಲಿನಾಗ ವಿಷ ಇಲ್ಲ, ಜ್ವಾಳ ಅಲ್ಲ. ಅಂದ್ರ ವಿಷ ಮನುಷ್ಯಾನ ಹಾಕ್ಯಾನ.”

ಅತ್ತ ದರಿ, ಇತ್ತ ಪುಲಿ. ಜೋಳವೆಂದರೆ ಹುಲೆಪ್ಪ ಬಿತ್ತಿ ಕೊಂದ. ಹುಲ್ಲೆಂದರೆ ಹುಲೆಪ್ಪ ವಿಷವಿಕ್ಕಿ ಕೊಂದ. ಎರಡೂ ದಾರಿ ಚಾವಡಿಯ ಕಂಬಕ್ಕೇ ಹೋಗುತ್ತಿದ್ದವು. ಭಾಗಾಬಾಯಿ ತನ್ನ ಕೈಯಾರೆ ಮಗನನ್ನು ಒಂದು ಕುಣಿಕೆಯಿಂದ ಬಿಡಿಸಿ ಇನ್ನೊಂದಕ್ಕೆ ಸಿಕ್ಕಿಸಿದ್ದಳು. ಅದು ಅವಳಿಗೂ ಗೊತ್ತಾಯಿತು.

ಆಗ ನನಗೆ ನಿಜ ಹೊಳೆಯಿತು. ಡಾಕ್ಟರರ ದೊಡ್ಡ ಪುಸ್ತಕದಲ್ಲಿ ಜೋಳದ ಪಾಠದ ಕೊನೆಗೆ ಎರಡು ಸಾಲು ಇತ್ತು. ತಗ್ಗಿನ ತೇವದ ನೆಲದಲ್ಲಿ ತಾನಾಗಿ ಬೆಳೆಯುವ, ಬೇರಿನಿಂದ ವರ್ಷವರ್ಷ ಚಿಗುರುವ ಒಂದು ಹುಲ್ಲುಂಟು, ಜೋಳದ ದಾಯಾದಿ. ಬೆಳೆದು ತೆನೆ ಬಿಟ್ಟಾಗ ಒಳ್ಳೆಯ ಮೇವು. ಕೊಯ್ದ ಮೇಲೆ ಚಿಗುರಿದ ಎಳೆಸುಳಿ ಬಿಸಿಲಿಗೆ ಬಾಡಿದರೆ ಅದರಲ್ಲಿ ಜೋಳದ್ದೇ ವಿಷ. ಮಳೆಗಾಲದಲ್ಲಿ ಊರ ದನ ತಿಂದದ್ದು ಬೆಳೆದ ಹುಲ್ಲು, ಇವತ್ತು ಎತ್ತು ತಿಂದದ್ದು ಬಾಡಿದ ಸುಳಿ. ಒಂದೇ ಹುಲ್ಲು, ಕಾಲ ಬೇರೆ. ಇಷ್ಟನ್ನೂ ನಾನು ಬಿಡಿಸಿ ಬಿಡಿಸಿ ಹೇಳಿದೆ.

ಕೇಳಿದವರು ನಕ್ಕರು.

“ಒಂದ ತಾಸಿನ ಹಿಂದ ಜ್ವಾಳ ಅಂದ್ರಿ. ಈಗ ಜ್ವಾಳದ ತಮ್ಮ ಅಂತೀರಿ,” ಎಂದ ಒಬ್ಬ. “ಇನ್ನೊಂದು ತಾಸಿಗಿ ಏನಂತೀರಿ?”

ನನ್ನ ಮನಸ್ಸಿನಲ್ಲಿ ಕಳ್ಳದಾರಿಯೊಂದು ಮಾತ್ರ ಕಾಣುತ್ತಿತ್ತು. ‘ಪುಣೆಗೆ ನಮೂನೆ ಕಳಿಸಿದೆ, ಉತ್ತರ ಬಂದ ಮೇಲೆ ತಿಳಿಸಲಾಗುವುದು’ ಎಂದು ಬರೆದುಕೊಟ್ಟು ಮಧ್ಯಾಹ್ನದ ಬಸ್ಸು ಹಿಡಿಯುವುದು. ಹಾವೂ ಸಾಯದು, ಕೋಲೂ ಮುರಿಯದು. ಪುಣೆಯಿಂದ ಉತ್ತರ ಬರುವಷ್ಟರಲ್ಲಿ ಹುಲೆಪ್ಪನ ಗತಿ ಏನಾಗಿರುತ್ತದೆ ಎಂದೂ ಗೊತ್ತಿತ್ತು. ಗೊತ್ತಿದ್ದೂ ಆ ದಾರಿಯನ್ನೇ ಯೋಚಿಸಿದೆ. ನಾನು ಹೆದರಿದ್ದೆ.

ನಾವೆಲ್ಲ ಚಾವಡಿಗೆ ಬಂದೆವು. ಹುಲೆಪ್ಪನನ್ನು ಕಲ್ಲುಕಂಬಕ್ಕೆ ಎತ್ತಿನ ಹಗ್ಗದಿಂದ ಕಟ್ಟಿದ್ದರು. ಮೂವತ್ತರ ಪ್ರಾಯ, ತುಟಿ ಒಡೆದು ಅಂಗಿಯ ಮೇಲೆ ರಕ್ತ ಒಣಗಿತ್ತು. ತಾಯಿ ಎಲ್ಲಿ ಎಂದು ಅವನು ನನ್ನನ್ನು ಕೇಳಿದ. ಹಿಂತಿರುಗಿ ನೋಡಿದರೆ ಭಾಗಾಬಾಯಿ ಇರಲಿಲ್ಲ.

ಅವಳು ಬಂದದ್ದು ಸ್ವಲ್ಪ ಹೊತ್ತಿನ ಮೇಲೆ, ಕೆಂಪು ಬಣ್ಣದ ಒಂದು ಆಕಳನ್ನು ಹಿಡಿದುಕೊಂಡು. ಅದರ ಕೆಚ್ಚಲಲ್ಲಿ ಹಾಲು ತುಂಬಿತ್ತು. ಹುಲೆಪ್ಪ ಅದನ್ನು ಕಂಡದ್ದೇ ಕಂಬದಲ್ಲೇ ಒದ್ದಾಡಿದ.

“ಅವ್ವಾ, ಕೌಲಿನ ಯಾಕ ತಂದಿ? ಒಯ್ಯಿ ಮನಿಗಿ.”

ಅವಳು ಗೌಡರ ಮುಂದೆ ಆಕಳನ್ನು ನಿಲ್ಲಿಸಿದಳು.

“ಹುಲ್ಲಿನಾಗ ವಿಷ ಇಲ್ಲ ಅಂತೀರಲ್ಲ. ನನ್ನ ಆಕಳಿಗಿ ಹಾಕ್ರಿ. ನಾ ಕೊಯ್ಯೂದಿಲ್ಲ, ನಮ್ಮ ಕೇರ್‍ಯವ್ರು ಯಾರೂ ಮುಟ್ಟೂದಿಲ್ಲ. ಆಮ್ಯಾಲ ನಾವ ಏನೋ ಕಲಸಿದ್ವಿ ಅಂದೀರಿ. ನೀವ ಹೋಗಿ ಕೊಯ್ಕೊಂಡು ಬರ್ರಿ, ನಿಮ್ಮ ಕೈಲೆ ತಿನಸ್ರಿ. ಬದುಕಿದ್ರ ನನ್ನ ಮಗನ್ನ ಫೌಜದಾರಗ ಕೊಡ್ರಿ.”

ಆ ಮನೆಯಲ್ಲಿ ಆ ಆಕಳೇ ಆಸ್ತಿ. ಹುಲೆಪ್ಪನ ಎರಡು ವರ್ಷದ ಮಗಳು ದ್ರೌಪದಿ ಅದರ ಹಾಲಿನ ಮೇಲೇ ಬೆಳೆಯುತ್ತಿದ್ದಳು ಎಂದು ಆಮೇಲೆ ನನಗೆ ತಿಳಿಯಿತು.

“ಆಕಳಾ ಸತ್ತರ ಪಾಪ ನನಗ ಸುತ್ತತದಲ್ಲ ಭಾಗಿ,” ಎಂದರು ಗೌಡರು.

“ನನ್ನ ಮಗ ಸತ್ತರ ಯಾರಿಗಿ ಸುತ್ತತದ್ರಿ?”

ಗೌಡರು ಕುಡಗೋಲು ಇಸಿದುಕೊಂಡು ಹೋದರು. ಒಂದು ಹೊರೆ ಹುಲ್ಲು ತಂದು ತಾವೇ ಆಕಳ ಮುಂದೆ ಹಾಕಿದರು. ಬೇಸಿಗೆಯ ಹಸಿದ ದನ. ಬಾಚಿ ಬಾಚಿ ತಿಂದಿತು. ನಾನು ಗಡಿಯಾರ ಹೊರಗೆ ತೆಗೆದೆ. ಹನ್ನೆರಡೂ ಇಪ್ಪತ್ತು.

ಹತ್ತು ನಿಮಿಷ ಹೋಯಿತು. ಆಕಳು ಬಾಲದಿಂದ ನೊಣ ಹೊಡೆದುಕೊಳ್ಳುತ್ತ ನಿಂತಿತ್ತು. ಇಪ್ಪತ್ತು ನಿಮಿಷ. ಮೆಲುಕು ಹಾಕತೊಡಗಿತು. ಅರ್ಧ ತಾಸು. ಎತ್ತುಗಳು ಅಷ್ಟರಲ್ಲಿ ಬಿದ್ದಿದ್ದವು. ಆಕಳು ಒಂದು ಸಲ ಅಂಬಾ ಎಂದು ಸಗಣಿ ಹಾಕಿ ಮತ್ತೆ ಮೆಲುಕು ಹಾಕಿತು. ಯಾರೋ ಕಿಸಕ್ಕನೆ ನಕ್ಕರು. ಬಡಿಗೆಯ ತರುಣರು ಕಟ್ಟೆಯಿಂದ ಕೆಳಗಿಳಿದರು. ಆಕಳು ಬೀಳಲಿ, ಬೀಳಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ದನದ ಜೀವ ಉಳಿಸುವುದಕ್ಕೆ ಸಂಬಳ ತಿನ್ನುವವನು ಒಂದು ದನ ಸಾಯಲೆಂದು ದೇವರನ್ನು ಕರೆಯುತ್ತಿದ್ದೆ.

“ಮುಗೀತಲ್ಲ,” ಎಂದ ಹಣಮಂತಪ್ಪ. “ಇನ್ನ ಏನ್ ನೋಡ್ತೀರಿ?”

ಭಾಗಾಬಾಯಿ ನೆಲದ ಮೇಲೆ ಉಳಿದಿದ್ದ ಹುಲ್ಲನ್ನು ಕೈಯಿಂದ ಮುಟ್ಟದೆ, ಬಗ್ಗಿ ನೋಡಿದಳು. ಹೊಟ್ಟೆಪಾಡಿಗಾಗಿ ಹುಲ್ಲು ನೋಡಿದ ಕಣ್ಣು ಅದು. ಆಮೇಲೆ ನೆಟ್ಟಗೆ ನಿಂತಳು.

“ಗೌಡ್ರ, ನೀವು ನೀರಿನ ಮಗ್ಗಲ ಕೊಯ್ದೀರಿ. ಇದು ಎತ್ತರ ಆಗಿ ಎಲಿ ಬಲತದ್ದು, ನೀರ ಕುಡಿದದ್ದು. ಎತ್ತು ಮೇಯ್ದದ್ದು ಮ್ಯಾಲಿನ ಅಂಚಿನಾಗ. ಅಲ್ಲಿ ಸುಳಿ ಗೇಣುದ್ದ ಅದ, ಬಿಸಲಿಗಿ ಮುದುಡ್ಯದ. ಅದು ನಿಮಗ ಕಂಡಿತ್ತು.”

ಗೌಡರ ಮುಖ ಕೆಳಗಾಯಿತು. ಆಕಳು ಸಾಯಬಾರದು ಎಂದು ಅವರು ಬೇಕೆಂದೇ ಬಲಿತ ಹುಲ್ಲು ಕೊಯ್ದು ತಂದಿದ್ದರು. ಆಕಳನ್ನು ಉಳಿಸಲು ಹೋಗಿ ಮನುಷ್ಯನನ್ನು ಕೊಲ್ಲುತ್ತಿದ್ದೇನೆ ಎಂಬುದು ಅವರ ತಲೆಗೆ ಬಂದಿರಲೇ ಇಲ್ಲವೇನೋ. ಒಳ್ಳೆಯತನಕ್ಕೂ ಕಣ್ಣು ಬೇಕು. ಇಲ್ಲದಿದ್ದರೆ ಅದು ಎಲ್ಲಿ ತುಳಿಯುತ್ತದೆ ಎಂದು ಅದಕ್ಕೇ ಗೊತ್ತಾಗುವುದಿಲ್ಲ.

“ಇನ್ನೊಮ್ಮಿ ಹೋಗ್ರಿ,” ಎಂದಳು ಅವಳು.

ಈ ಸಲ ನಾನೂ ಅವರ ಜೊತೆ ಹೋದೆ, ಹಿಂದೆ ಹತ್ತು ಜನ ಬಂದರು. ಮೇಲಿನ ಅಂಚಿನಲ್ಲಿ, ಎತ್ತಿನ ಹೆಜ್ಜೆ ಮೂಡಿದ ಜಾಗದಲ್ಲಿ, ಸುಳಿಗಳು ಕಿರಿದಾಗಿ, ಎಲೆಯಂಚು ಒಳಗೆ ಸುರುಳಿಯಾಗಿ ಬಾಡಿದ್ದವು. ಗೌಡರು ಅವನ್ನೇ ಕೊಯ್ದು ಹೆಗಲ ಮೇಲಿನ ಉಪರಣೆಯಲ್ಲಿ ಕಟ್ಟಿಕೊಂಡು ಬಂದು ಹಾಕಿದರು. ಆಕಳು ಈಗ ಹೊಟ್ಟೆ ತುಂಬಿದ್ದರಿಂದ ಮೂಸಿ ನೋಡಿ ಮುಖ ತಿರುವಿತು. ಭಾಗಾಬಾಯಿ ಹತ್ತಿರ ಹೋಗಿ ಅದರ ಗಂಗೆದೊಗಲು ತೀಡಿದಳು. “ತಿನ್ನ ನನ್ನವ್ವಾ,” ಎಂದಳು. ಅವಳ ದನಿ ಗೊತ್ತಿದ್ದ ಆ ಮೂಕಪ್ರಾಣಿ ತಿಂದಿತು. ಗುಂಪಿನಲ್ಲಿದ್ದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹುಲೆಪ್ಪ ಕಣ್ಣು ಮುಚ್ಚಿಕೊಂಡಿದ್ದ.

ನಾನು ಚೀಲ ಬಿಚ್ಚಿ ಮದ್ದು ಸಿದ್ಧ ಮಾಡಿಕೊಂಡೆ. ಈ ವಿಷಕ್ಕೆ ಒಂದು ಮದ್ದುಂಟು. ಫೋಟೋ ತೊಳೆಯುವವರು ಬಳಸುವ ಹೈಪೋ ಉಪ್ಪು. ನೀರಿನಲ್ಲಿ ಕರಗಿಸಿ ನರಕ್ಕೆ ಕೊಟ್ಟರೆ, ಬೇಗ ಕೊಟ್ಟರೆ, ಎಷ್ಟೋ ದನ ಏಳುತ್ತವೆ. ವಿಷದ ಲಕ್ಷಣ ಎಲ್ಲರಿಗೂ ಕಂಡ ಕೂಡಲೇ ಚುಚ್ಚಿಬಿಡುವುದು, ಹುಲೆಪ್ಪನೂ ಉಳಿದ, ಆಕಳೂ ಉಳಿಯಿತು. ಇದು ನನ್ನ ಲೆಕ್ಕ.

ಹದಿಮೂರು ನಿಮಿಷವಾಗಿತ್ತು. ಆಕಳ ಹೊಟ್ಟೆ ಒಮ್ಮೆಲೇ ಜೋರಾಗಿ ಏರಿಳಿಯತೊಡಗಿತು. ಮೂಗಿನ ಹೊಳ್ಳೆ ಅಗಲವಾದವು. ನಾಲ್ಕು ಹೆಜ್ಜೆ ತೂರಾಡಿ, ಮುಂಗಾಲು ಮಡಿಚಿ, ಧಪ್ಪನೆ ಬಿತ್ತು. ಬಾಯಿಂದ ನೊರೆ ಬಂತು. ಗಾಡಿಯವರಿಬ್ಬರೂ ಒಟ್ಟಿಗೆ, “ಹಿಂಗ ರೀ, ಹಿಂಗ ಆಗಿತ್ತು,” ಎಂದರು.

ನಾನು ಸೂಜಿ ಹಿಡಿದು ಮೊಣಕಾಲೂರಿದೆ. ನರಕ್ಕೆ ಸೂಜಿ ಮುಟ್ಟಿಸಬೇಕು ಎನ್ನುವಷ್ಟರಲ್ಲಿ ಭಾಗಾಬಾಯಿ ನನ್ನ ಮಣಿಕಟ್ಟು ಹಿಡಿದಳು. ಆ ಒಣಗಿದ ಕೈಯಲ್ಲಿ ಎಂಥ ಬಿಗಿ.

“ಚುಚ್ಚಬ್ಯಾಡ್ರಿ.”

“ಇದು ವಿಷ ಇಳಸೂ ಮದ್ದು, ಬದುಕತದ,” ಎಂದೆ.

“ಬದುಕಿದ್ರ ಹುಲ್ಲಿನಾಗ ವಿಷ ಇದ್ದಿಲ್ಲ ಅಂತಾರ. ನಿಮ್ಮ ಸೂಜೀಲೆ ಬಿದ್ದಿತ್ತು, ನಿಮ್ಮ ಸೂಜೀಲೆ ಎದ್ದಿತು ಅಂತಾರ. ಗೌಡ್ರು ಮದಲ ಬಾಯಿ ಬಿಟ್ಟು ಹೇಳ್ಲಿ. ಹುಲ್ಲಿನಿಂದನ ಸತ್ತವು, ಹುಲೆಪ್ಪ ಏನೂ ಮಾಡಿಲ್ಲ ಅಂತ ಹೇಳ್ಲಿ. ಹೇಳಿದ ಮ್ಯಾಲ ಚುಚ್ರಿ.”

ಎಲ್ಲರೂ ಗೌಡರನ್ನು ನೋಡಿದರು. ಅವರು ಆಕಳನ್ನು ನೋಡುತ್ತ ನಿಂತಿದ್ದರು. ಹೇಳಬೇಕಾದದ್ದು ನಾಲ್ಕು ಮಾತು. ಆದರೆ ಆ ನಾಲ್ಕು ಮಾತು ಹೇಳಿದರೆ ಎತ್ತು ಕೊಂದವರು ಯಾರು ಎಂಬ ಪ್ರಶ್ನೆ ಅವರ ಮನೆಯ ಬಾಗಿಲಿಗೇ ಬರುತ್ತಿತ್ತು. ಮನೆಯಲ್ಲಿ ಕಣಿಕೆಯ ಒಣ ಮೇವು ಉಳಿಯಲೆಂದು, ಬರುವಾಗ ಹಳ್ಳದ ಹಸಿರಿನಲ್ಲಿ ಮೇಯಿಸಿಕೊಂಡು ಬನ್ನಿ ಎಂದು ಗಾಡಿಯವರಿಗೆ ಹೇಳಿ ಕಳಿಸಿದ್ದು ಅವರೇ. ಗಾಡಿಯವರು ನೆಲ ನೋಡುತ್ತಿದ್ದರು. ಅದನ್ನು ಅವರೇ ಆಮೇಲೆ ನನಗೆ ಹೇಳಿದರು.

“ಹೇಳ್ರಿ ಗೌಡ್ರ,” ಎಂದು ನಾನು ಕೂಗಿದೆ. “ಹೊತ್ತಿಲ್ಲ, ಹೇಳ್ರಿ.”

ಗೌಡರ ತುಟಿ ಅಲುಗಿತು, ಮಾತು ಬರಲಿಲ್ಲ. ಆಕಳು ತಲೆ ಹಿಂದಕ್ಕೆ ಎಳೆದುಕೊಂಡು ಕಾಲು ಝಾಡಿಸಿತು. ಭಾಗಾಬಾಯಿ ಒಂದು ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದೇ ಇದ್ದಳು, ಇನ್ನೊಂದು ಕೈ ಆಕಳ ಹಣೆಯ ಮೇಲಿತ್ತು. ಅವಳು ಅಳುತ್ತಿದ್ದಳು, ಆದರೆ ಹಿಡಿತ ಸಡಿಲಿಸಲಿಲ್ಲ. ನಾನು ಕೊಸರಿಕೊಂಡು ಚುಚ್ಚಬಹುದಿತ್ತು. ಹಾಗೆ ಮಾಡುವ ಹಕ್ಕನ್ನು ಬೆಳಿಗ್ಗೆ ಹತ್ತು ಗಂಟೆಗೆ ಜೋಳ ಎಂದಾಗಲೇ ಕಳೆದುಕೊಂಡಿದ್ದೆ. ಅವಳ ಮಗ, ಅವಳ ಆಕಳು, ತೂಗಿ ನೋಡುವವಳು ಅವಳು.

ಎಷ್ಟು ಹೊತ್ತು ಹೋಯಿತೋ, ಗಡಿಯಾರ ನೋಡಲಿಲ್ಲ. ಆಕಳ ಹೊಟ್ಟೆ ಏರಿತು, ಇಳಿಯಿತು, ಮತ್ತೆ ಏರಲಿಲ್ಲ.

ಆಮೇಲೆ ಗೌಡರು ಮಾತಾಡಿದರು. “ಹುಲ್ಲಿನಿಂದನ ಸತ್ತಾವ. ಹುಲೆಪ್ಪನ್ನ ಬಿಚ್ಚರಿ.”

ಸ್ವಲ್ಪ ಮೊದಲು ಆಡಿದ್ದರೆ ಅದೇ ಮಾತು ಒಂದು ಜೀವ ಉಳಿಸುತ್ತಿತ್ತು. ನನಗೆ ಅವರ ಮೇಲೆ ಎಂಥ ಸಿಟ್ಟು ಬಂತೆಂದರೆ, ಮದ್ದಿನ ಶೀಶೆಯನ್ನು ಚಾವಡಿಯ ಕಲ್ಲಿಗೆ ಅಪ್ಪಳಿಸಿದೆ. ಹಣಮಂತಪ್ಪ ಯಾವಾಗ ಎದ್ದು ಹೋಗಿದ್ದನೋ.

ಫೌಜದಾರರು ಎರಡು ಗಂಟೆಯ ಬಸ್ಸಿಗೆ ಬಂದರು. ಪಂಚನಾಮೆ ಆಯಿತು. ಕಾಡುಹುಲ್ಲಿನ ಎಳೆಸುಳಿ ತಿಂದು ನಾಲ್ಕು ಎತ್ತು, ಒಂದು ಆಕಳು ಸತ್ತಿವೆ, ಯಾರ ಕೈವಾಡವೂ ಇಲ್ಲ ಎಂದು ನಾನು ಬರೆದುಕೊಟ್ಟೆ. ಗೌಡರು ಅದರ ಕೆಳಗೆ ಸಹಿ ಹಾಕಿದರು, ಮತ್ತೆ ಭಾಗಾಬಾಯಿಯ ಕಡೆ ತಿರುಗಿ, ನನ್ನ ಕೊಟ್ಟಿಗೆಯಿಂದ ಬೇಕಾದ ಆಕಳು ಬಿಚ್ಚಿಕೊಂಡು ಹೋಗು ಎಂದರು. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಹುಲೆಪ್ಪ ಕೈಗೆ ರಕ್ತ ಆಡಲೆಂದು ಮಣಿಕಟ್ಟು ತಿಕ್ಕಿಕೊಳ್ಳುತ್ತ ಆಕಳ ಪಕ್ಕ ಕೂತಿದ್ದ.

ನಾನು ಹೊರಡುವ ಮೊದಲು ಅವಳ ಹತ್ತಿರ ಹೋದೆ. ಅವಳೇ ಮೊದಲು ಮಾತಾಡಿದಳು, ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನ್ನಿಂದ ತಡೆದುಕೊಳ್ಳಲು ಆಗುತ್ತಿತ್ತು.

“ಸಾಹೇಬ್ರ, ಮುಂಜಾನಿ ಎಲಿ ಹಿಡದು ಜ್ವಾಳ ಅಂದ್ರಿ. ಆಗ ‘ಗೊತ್ತಿಲ್ಲ, ನೋಡಿ ಹೇಳ್ತೀನಿ’ ಅಂದಿದ್ರ ಆಮ್ಯಾಲ ನೀವು ಖರೇ ಹೇಳಿದ್ದು ನಂಬತಿದ್ರು. ನನ್ನ ಕೌಲಿ ಉಳೀತಿತ್ತು.”

“ನನಗ ಗೊತ್ತಿದ್ದಿಲ್ಲವ್ವ,” ಎಂದೆ.

ಆ ಮಾತು ನನ್ನ ಬಾಯಿಂದ ಬರುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆಯಾಗಿತ್ತು.